ಹಳೇ ಸಾಮಾನು: ತೂಕಕ್ಕೆ ಹಾಕೋ ಮುಂಚೆ ಒಂದ್ಸಲ ತಿರುಗಿಸಿ ನೋಡಿ

ಹಳೇ ಪಾತ್ರೆ, ದೀಪ, ಚಿತ್ರಪಟ, ಪೆಟ್ಟಿಗೆ ಇವುಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲ ಉತ್ತರ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಕೊಳ್ಳಲು ಹೊರಟ ಎಲ್ಲರಿಗೂ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಮಾರುವವರು ಹೇಳುವ ಕಥೆಗೆ ದುಡ್ಡು ಕೊಡಬೇಡಿ, ಕೈಯಲ್ಲಿರುವ ವಸ್ತುವಿಗೆ ಕೊಡಿ. "ಅರಮನೆಯಿಂದ ಬಂದಿದ್ದು", "ಜಮೀನ್ದಾರರ ಮನೇದು" ಅನ್ನುವ ಕಥೆ ನಿಜವೇ ಇರಬಹುದು. ಆದರೆ ಬೆಲೆ ಕಟ್ಟುವಾಗ ಅದನ್ನು ಪಕ್ಕಕ್ಕಿಡಿ.

ಪ್ರಶ್ನೆ: ಅಜ್ಜಿಯ ಮನೆ ಖಾಲಿ ಮಾಡುತ್ತಿದ್ದೇವೆ. ಎರಡು ಹಂಡೆ, ಕೊಳಗ, ಚೊಂಬುಗಳು, ಪಾವು, ಸೇರು, ಒಂದಿಷ್ಟು ಡಬ್ಬಿ ಇವೆ. ಪಾತ್ರೆ ಅಂಗಡಿಯವರು ಎಲ್ಲ ತೂಕಕ್ಕೆ ತಗೊಂಡು ಬದಲಿಗೆ ಸ್ಟೀಲ್ ಕೊಡುತ್ತೇವೆ ಅಂತಾರೆ. ಕೊಟ್ಟುಬಿಡೋಣವಾ? (ಶಿವಮೊಗ್ಗ)

ಉತ್ತರ: ಈಗಲೇ ಬೇಡ. ದಯವಿಟ್ಟು ಒಂದು ವಾರ ತಡೆಯಿರಿ. ತೂಕಕ್ಕೆ ಹೋದ ಪಾತ್ರೆ ಹೆಚ್ಚಾಗಿ ಕುಲುಮೆಗೇ ಹೋಗುತ್ತದೆ, ಆಮೇಲೆ ಬೇಕು ಅಂದರೂ ಸಿಗುವುದಿಲ್ಲ.

ಮೊದಲು ಎಲ್ಲವನ್ನೂ ಹೊರಗೆ ಬಿಸಿಲಲ್ಲಿ ಇಟ್ಟು ಒಂದೊಂದನ್ನೇ ತಿರುಗಿಸಿ ನೋಡಿ. ಕೊಳಗ, ಚೊಂಬುಗಳ ಕಂಠದ ಹತ್ತಿರ ಬೆರಳಾಡಿಸಿ. ಸಣ್ಣ ಸಣ್ಣ ಚುಕ್ಕಿ ಕುಟ್ಟಿ ಬರೆದ ಅಕ್ಷರ ಕೈಗೆ ಸಿಗುತ್ತದೆ. ಬರಿಗಣ್ಣಿಗೆ ಮಸಿಯಲ್ಲಿ ಕಾಣುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಓರೆಯಾಗಿ ಬೆಳಕಿಗೆ ಹಿಡಿದರೆ ಓದಬಹುದು. ಮನೆತನದ ಹೆಸರು, ಊರಿನ ಮೊದಲ ಅಕ್ಷರ, ಮದುವೆಗೆ ಕೊಟ್ಟಿದ್ದಾದರೆ ಹುಡುಗಿಯ ಹೆಸರು, ಕೆಲವದರಲ್ಲಿ ತಾರೀಕು ಕೂಡ ಇರುತ್ತದೆ. ಊರಿನ ಮದುವೆ, ಮುಂಜಿಗೆ ಎರವಲು ಹೋದ ಪಾತ್ರೆ ಸರಿಯಾಗಿ ಮನೆಗೆ ವಾಪಸ್ ಬರಲಿ ಅಂತ ಹಾಕಿಸುತ್ತಿದ್ದರು. ಅದನ್ನು ಅಜ್ಜಿಯ ತಮ್ಮಂದಿರು, ತಂಗಿಯರು ಯಾರಾದರೂ ಇದ್ದರೆ ಅವರ ಮುಂದಿಟ್ಟು ಕೇಳಿ. ಯಾವ ಪಾತ್ರೆ ಯಾರ ಮದುವೆಗೆ ಬಂತು ಅಂತ ಅವರು ಹೇಳುವುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮಾರುವುದಾದರೂ ಬರೆದಿಟ್ಟುಕೊಂಡೇ ಮಾರಿ. ಹೊಳಪು ಬರಲಿ ಅಂತ ಅಂಗಡಿಯ ಮೆಷಿನ್‌ಗೆ ಕೊಟ್ಟರೆ ಈ ಅಕ್ಷರಗಳೇ ಮೊದಲು ಸವೆದು ಹೋಗುತ್ತವೆ, ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಪಾವು, ಸೇರುಗಳನ್ನು ಬೇರೆ ಇಡಿ. ಅವುಗಳ ಮೇಲೆ ಸರ್ಕಾರದ ಮುದ್ರೆ ಒತ್ತಿರುವುದು ಕಾಣಬಹುದು. ದೇಶದಲ್ಲಿ ಮೆಟ್ರಿಕ್ ಅಳತೆ 1956ರ ಕಾಯ್ದೆಯಿಂದ ಬಂತು, 1962ರ ಏಪ್ರಿಲ್‌ನಿಂದ ಹಳೇ ಅಳತೆಗಳಿಗೆ ವ್ಯಾಪಾರದಲ್ಲಿ ಜಾಗ ಇಲ್ಲದಂತಾಯಿತು. ಹಾಗಾಗಿ ಮುದ್ರೆ ಇರುವ ಸೇರು ಅಂದರೆ ಕಡಿಮೆ ಅಂದರೂ ಅಷ್ಟು ಹಳೇದು. ಹಿತ್ತಾಳೆ ಪಟ್ಟಿ ಹೊಡೆದ ಮರದ ಸೇರು, ಕಬ್ಬಿಣದ ಸೇರು ಇವುಗಳಿಗೆ ತೂಕದ ಲೆಕ್ಕದಲ್ಲಿ ಏನೂ ಸಿಗುವುದಿಲ್ಲ, ಹಳೇ ಸಾಮಾನು ಹುಡುಕುವವರು ಮಾತ್ರ ಮೊದಲು ಕೇಳುವುದೇ ಅದನ್ನು.

ಇನ್ನೊಂದು ವಿಷಯ. ಹಿತ್ತಾಳೆ, ತಾಮ್ರ, ಕಂಚು ಮೂರನ್ನೂ ಒಂದೇ ತಕ್ಕಡಿಗೆ ಹಾಕಲು ಬಿಡಬೇಡಿ. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಸೇರಿದ್ದು, ಕಂಚು ಅಂದರೆ ತಾಮ್ರಕ್ಕೆ ತವರ ಸೇರಿದ್ದು. ತವರ ದುಬಾರಿ, ಅದಕ್ಕೇ ಕಂಚಿಗೆ ಬೆಲೆ ಜಾಸ್ತಿ. ಬೆರಳ ಗೆಣ್ಣಿನಿಂದ ಕಂಠಕ್ಕೆ ಹೊಡೆದರೆ ಕಂಚಿನ ನಾದ ತುಂಬಾ ಹೊತ್ತು ಉಳಿಯುತ್ತದೆ, ಹಿತ್ತಾಳೆಯದು ಬೇಗ ನಿಲ್ಲುತ್ತದೆ. ಬಿದ್ದರೆ ಹಿತ್ತಾಳೆ ನೆಗ್ಗುತ್ತದೆ, ಕಂಚು ಸೀಳುತ್ತದೆ. ಮನೆಯಲ್ಲೇ ಒಂದ್ಸಲ ತೂಕ ಮಾಡಿ ಬರೆದಿಟ್ಟುಕೊಂಡು, ಆ ದಿನದ ದರ ಎರಡು ಕಡೆ ವಿಚಾರಿಸಿ, ಆಮೇಲೆ ಅಂಗಡಿಗೆ ಹೋಗಿ. ತೂತು ಬಿದ್ದ, ಸೀಳಿದ, ಯಾರಿಗೂ ಬೇಡದ್ದನ್ನು ತೂಕಕ್ಕೆ ಹಾಕಲು ನನ್ನ ಅಡ್ಡಿಯೇನಿಲ್ಲ.

ಪ್ರಶ್ನೆ: ಚಿಕ್ಕಪೇಟೆಯ ಭಾನುವಾರದ ಬಜಾರ್‌ನಲ್ಲಿ ಹಿತ್ತಾಳೆ ದೀಪ ನೋಡಿದೆ. ನೂರು ವರ್ಷ ಹಳೇದು ಅಂದರು. ಮೈಯೆಲ್ಲ ಹಸಿರು ಬಣ್ಣ ಬಂದಿತ್ತು. ನಿಜವಾ ಅಂತ ಗೊತ್ತು ಮಾಡೋದು ಹೇಗೆ? (ಬೆಂಗಳೂರು)

ಉತ್ತರ: ಮೈಯೆಲ್ಲ ಒಂದೇ ಥರ ಹಸಿರು ಇದ್ದರೆ ಅನುಮಾನ ಪಡಿ. ಹೊಸ ದೀಪಕ್ಕೆ ಆಸಿಡ್ ಸವರಿಯೋ, ಉಪ್ಪು, ಮಣ್ಣಲ್ಲಿ ಹೂತಿಟ್ಟೋ ಹಸಿರು ಬರಿಸುವುದು ಕಷ್ಟದ ಕೆಲಸವೇನಲ್ಲ. ಹಾಗೆ ಬಂದ ಹಸಿರು ಪುಡಿಪುಡಿಯಾಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಟ್ಟೆಗೆ ಹತ್ತುತ್ತದೆ, ಕೆಳಗೆ ಹೊಚ್ಚ ಹೊಸ ಹಳದಿ ಕಾಣುತ್ತದೆ. ಮನೆಯಲ್ಲಿ ಬಳಸಿದ ದೀಪದ ಮೈ ಹಾಗಿರುವುದಿಲ್ಲ. ಎಣ್ಣೆ ಕುಡಿದು ಕುಡಿದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಹಸಿರು ಏನಿದ್ದರೂ ಸಂದಿಗಳಲ್ಲಿ, ಹುಣಸೆಹಣ್ಣು ತಲುಪದ ಜಾಗಗಳಲ್ಲಿ ಇರುತ್ತದೆ.

ಈಗ ಸವೆತ ನೋಡಿ. ಇದೇ ಮುಖ್ಯ. ಪ್ರತಿ ವಾರ ತಿಕ್ಕಿದ ದೀಪದಲ್ಲಿ ಉಬ್ಬಿದ ಜಾಗಗಳು ನುಣ್ಣಗಾಗಿರುತ್ತವೆ. ಮೇಲೆ ಹಂಸ ಇದ್ದರೆ ಅದರ ಕೊಕ್ಕು, ನೆತ್ತಿ ಸವೆದಿರುತ್ತದೆ, ರೆಕ್ಕೆಯ ಕೆಳಗಿನ ಗೆರೆಗಳು ಮಾತ್ರ ಚೂಪಾಗೇ ಇರುತ್ತವೆ. ಕಂಬದಲ್ಲಿ ಕೈ ಹಿಡಿಯುವ ಜಾಗ ಒಂದಿರುತ್ತದಲ್ವಾ, ಅಲ್ಲಿ ಬೇರೆ ಕಡೆಗಿಂತ ಜಾಸ್ತಿ ಸವೆತ ಇರಲೇಬೇಕು. ತಳ ತಿರುಗಿಸಿ. ಕಲ್ಲಿನ ನೆಲದ ಮೇಲೆ ಎಳೆದಾಡಿದ ಗೀರುಗಳು ದಿಕ್ಕಿಗೊಂದರಂತೆ ಇರುತ್ತವೆ, ಅಂಚು ದುಂಡಗಾಗಿರುತ್ತದೆ. ಎಲ್ಲ ಗೀರೂ ಒಂದೇ ದಿಕ್ಕಿಗೆ ಇದ್ದರೆ ಅದು ಉಜ್ಜುಕಾಗದದ ಕೆಲಸ. ತಿರುಪು ಬಿಚ್ಚಿ ಭಾಗಗಳನ್ನು ಬೇರೆ ಮಾಡಿ ನೋಡಲು ಕೇಳಿ, ಒಳ್ಳೆ ವ್ಯಾಪಾರಿ ಬೇಡ ಅನ್ನುವುದಿಲ್ಲ. ಕೈಯಲ್ಲಿ ಕೊರೆದ ಹಳೇ ತಿರುಪುಗಳು ಒರಟಾಗಿರುತ್ತವೆ, ಒಂದೇ ರೀತಿ ಕೂರುವುದಿಲ್ಲ. ತಲೆಯ ಮೇಲೆ ಕೂಡಿಸುವ ಚಿಹ್ನೆಯ (+) ಆಕಾರದ ಕೊರಕಲು ಇರುವ ಸ್ಕ್ರೂ ಎಲ್ಲಾದರೂ ಕಂಡರೆ, ಅಂಥ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. ಆಮೇಲಿನ ರಿಪೇರಿಯೂ ಆಗಿರಬಹುದು, ಆದರೆ ಕೇಳಬೇಕಾದ ಪ್ರಶ್ನೆ ಅದು.

ಜೇಬಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಹಿತ್ತಾಳೆ, ತಾಮ್ರ, ಕಂಚು ಯಾವುದಕ್ಕೂ ಅದು ಅಂಟುವುದಿಲ್ಲ. ಅಂಟಿತು ಅಂದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ.

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆಯ ಆ ಬಜಾರ್‌ಗೆ ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೇದು. ನೆಲದ ಮೇಲೆ ಗೋಣಿ ಹಾಸಿ ಎಲ್ಲ ಥರದ ಸಾಮಾನು ರಾಶಿ ಹಾಕಿರುವ ಕಡೆ ನಿಧಾನವಾಗಿ ನೋಡಿ. ಒಂದೇ ರೀತಿಯ ಹತ್ತು ದೀಪ ಸಾಲಾಗಿ ಇಟ್ಟವರ ಹತ್ತಿರ "ಹಳೇದು" ಅನ್ನುವ ಮಾತನ್ನು ನಂಬಬೇಡಿ. ಹೊಸದೇ ಆದರೂ ದೀಪ ಚೆನ್ನಾಗಿದೆಯಾ? ಹೊಸದರ ಬೆಲೆ ಕೊಟ್ಟು ಖುಷಿಯಾಗಿ ತನ್ನಿ. ದೂರ ಹೋಗುವ ಮನಸ್ಸಿದ್ದರೆ ತಮಿಳುನಾಡಿನ ಕಾರೈಕುಡಿಯಲ್ಲಿ ಚೆಟ್ಟಿನಾಡಿನ ಮನೆಗಳಿಂದ ಬಂದ ಸಾಮಾನು ಮಾರುವ ಬೀದಿಯೇ ಇದೆ, ಕೊಚ್ಚಿಯ ಮಟ್ಟಾಂಚೇರಿಯಲ್ಲೂ ಅಂಗಡಿಗಳ ಸಾಲಿದೆ. ಪ್ರವಾಸಿಗಳ ಬೆಲೆ ಹೇಳುತ್ತಾರೆ, ಚೌಕಾಸಿ ಮಾಡಿ.

ಪ್ರಶ್ನೆ: ಹಳೇ ಜರ್ಮನ್ ಸಿಲ್ವರ್ ತಟ್ಟೆಯಲ್ಲಿ ಎಷ್ಟು ಭಾಗ ಬೆಳ್ಳಿ ಇರುತ್ತೆ? (ಚಿತ್ರದುರ್ಗ)

ಉತ್ತರ: ಸ್ವಲ್ಪವೂ ಇರುವುದಿಲ್ಲ. ತಾಮ್ರ, ನಿಕ್ಕಲ್, ಸತು ಸೇರಿಸಿ ಮಾಡಿದ ಲೋಹ ಅದು. ಕೆತ್ತನೆ ಚೆನ್ನಾಗಿದ್ದರೆ ಕೆತ್ತನೆಗೆ ಬೆಲೆ ಕೊಡಿ, ಬೆಳ್ಳಿ ಅಂದುಕೊಂಡು ಕೊಡಬೇಡಿ.

ಪ್ರಶ್ನೆ: ಹಳೇ ಹಿತ್ತಾಳೆ ಪಾತ್ರೆ, ಈಯದ ಚೊಂಬು, ಪಿಂಗಾಣಿ ಭರಣಿ ತಂದಿದ್ದೇನೆ. ಷೋಗೆ ಇಡಲು ಇಷ್ಟವಿಲ್ಲ, ಅಡುಗೆಗೇ ಬಳಸಬೇಕು. ತೊಂದರೆ ಇಲ್ಲವಾ? (ಉಡುಪಿ)

ಉತ್ತರ: ಬಳಸಬೇಕು ಅನ್ನುವ ನಿಮ್ಮ ಮನಸ್ಸು ನನಗೆ ತುಂಬಾ ಹಿಡಿಸಿತು. ಆದರೆ ಮೂರಕ್ಕೂ ಬೇರೆ ಬೇರೆ ನಿಯಮ.

ಹಿತ್ತಾಳೆ, ತಾಮ್ರದ ಒಳಗೆ ಕಲಾಯಿ ಇಲ್ಲದೆ ಹುಳಿ, ಸಾರು, ಮೊಸರು ಯಾವುದನ್ನೂ ಹಾಕಬೇಡಿ. ಹುಳಿ ತಾಗಿದರೆ ಕಿಲುಬು ಬಿಡುತ್ತದೆ, ಹೊಟ್ಟೆ ಕೆಡುತ್ತದೆ, ಅದು ವಿಷವೇ. ಕಲಾಯಿ ಅಂದರೆ ತವರದ ತೆಳು ಪದರ. ಪಾತ್ರೆ ಕೆಂಡದ ಮೇಲೆ ಚೆನ್ನಾಗಿ ಕಾಯಿಸಿ, ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಎರಚುತ್ತಾರೆ, ಬಿಳೀ ಹೊಗೆ ಏಳುತ್ತದೆ, ತವರದ ಕಡ್ಡಿ ತಾಗಿಸಿ ಹತ್ತಿ ಬಟ್ಟೆಯಲ್ಲಿ ಸರ್ರನೆ ಒಳಗೆಲ್ಲ ಒರೆಸಿದರೆ ಕಣ್ಣೆದುರೇ ಬೆಳ್ಳಗಾಗುತ್ತದೆ. ನಿಂತು ನೋಡಬೇಕಾದ ಕೆಲಸ. ಕಲಾಯಿಯವರು ಬೀದಿಗೆ ಬರುವುದು ಕಡಿಮೆಯಾಗಿದೆ, ದೇವಸ್ಥಾನಗಳ ಅಡುಗೆಮನೆಯಲ್ಲಿ ಕೇಳಿದರೆ ಯಾರು ಹಾಕುತ್ತಾರೆ ಅಂತ ಹೇಳುತ್ತಾರೆ. ಕೆಲಸ ಮಾಡಿಸುವಾಗ ಶುದ್ಧ ತವರವನ್ನೇ ಬಳಸಬೇಕು, ಸೀಸ ಬೆರೆತದ್ದು ಬೇಡ ಅಂತ ಬಾಯಿಬಿಟ್ಟು ಹೇಳಿ. ಒಳಗೆ ಹಳದಿಯೋ ಕೆಂಪೋ ಇಣುಕಿದರೆ ಮತ್ತೆ ಕಲಾಯಿ ಹಾಕಿಸುವ ಹೊತ್ತು ಬಂತು ಅಂತ. ಉಕ್ಕಿನ ನಾರಿನಿಂದ ತಿಕ್ಕಬೇಡಿ.

ಈಯದ ಚೊಂಬಿನ ವಿಷಯದಲ್ಲಿ ತುಂಬಾ ಹುಷಾರು. ಅದು ಪೂರ್ತಿ ತವರ. ತವರ 232 ಡಿಗ್ರಿಗೇ ಕರಗುತ್ತದೆ. ಖಾಲಿ ಚೊಂಬನ್ನು ಒಲೆಯ ಮೇಲಿಟ್ಟರೆ ನೋಡನೋಡುತ್ತಿದ್ದಂತೆ ಕುಸಿದು ಬೀಳುತ್ತದೆ. ಮೊದಲು ಸಾರು, ಆಮೇಲೆ ಉರಿ, ಅದೂ ಸಣ್ಣ ಉರಿ. ಅದಕ್ಕಿಂತ ದೊಡ್ಡ ಭಯ ಅಂದರೆ ಸೀಸದ ಬೆರಕೆ. ಬಿಳೀ ಕಾಗದದ ಮೇಲೆ ಅಂಚನ್ನು ಗಟ್ಟಿಯಾಗಿ ಎಳೆಯಿರಿ. ದಟ್ಟ ಬೂದು ಗೆರೆ ಬಿದ್ದರೆ ಅಡುಗೆಗೆ ಬೇಡವೇ ಬೇಡ. ಗೆರೆ ಬೀಳಲಿಲ್ಲ ಅಂದರೆ ಸೀಸ ಇಲ್ಲ ಅಂತಲೂ ಅರ್ಥವಲ್ಲ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಈಯದ ಚೊಂಬಿನಲ್ಲಿ, ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸದೆ ನಾನಂತೂ ಸಾರು ಮಾಡುವುದಿಲ್ಲ, ಮಕ್ಕಳಿರುವ ಮನೆಯಲ್ಲಿ ಇನ್ನೂ ಬೇಡ.

ಭರಣಿ ಸುಲಭ. ಗೆಣ್ಣಿನಿಂದ ಬಡಿಯಿರಿ, ಸ್ವಚ್ಛ ಸದ್ದು ಬಂದರೆ ಸರಿ, ಮೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ. ನೀರು ತುಂಬಿಸಿ ಹಳೇ ಪೇಪರ್ ಮೇಲೆ ಒಂದು ರಾತ್ರಿ ಇಡಿ, ಪೇಪರ್ ಒದ್ದೆಯಾಗಬಾರದು. ಒಳಗಿನ ಹೊಳಪು ಬಿರುಕು ಬಿಟ್ಟಿದ್ದರೆ ಉಪ್ಪಿನಕಾಯಿಗೆ ಬೇಡ, ಎಣ್ಣೆ, ಹುಳಿ ಆ ಬಿರುಕಿನೊಳಗೆ ಇಳಿದು ವಾಸನೆ ಹೋಗುವುದೇ ಇಲ್ಲ. ಎನಾಮಲ್ ತಟ್ಟೆ, ಮಗ್ಗಳಿಗೂ ಇದೇ ಮಾತು. ಚಕ್ಕೆ ಎದ್ದ ಜಾಗದಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ಅಂಥದ್ದರಲ್ಲಿ ಗಿಡ ಇಡಿ.

ಅಂದಹಾಗೆ, ನಿಮ್ಮ ಕಡೆ ಕಲ್ಲಿನ ಮರಿಗೆ ಸಿಕ್ಕರೆ ಬಿಡಬೇಡಿ. ಹೊಸ ಬಳಪದ ಕಲ್ಲಿನ ಪಾತ್ರೆಯನ್ನು ಎಣ್ಣೆ, ಗಂಜಿ ಅಂತ ದಿನಗಟ್ಟಲೆ ಪಳಗಿಸಬೇಕು. ಹಳೇದು ಪಳಗಿಯೇ ಬಂದಿರುತ್ತದೆ.

ಪ್ರಶ್ನೆ: ಹೊಳೆಯೋ ಹಿತ್ತಾಳೆ ಹಾರ್ನ್ ಇರುವ ಗ್ರಾಮಫೋನ್, ನಾಯಿ ಚಿತ್ರದ ಫಲಕವೂ ಇದೆ. ಒರಿಜಿನಲ್ ಎಚ್‌ಎಂವಿ ಅಂತಿದ್ದಾರೆ. ತಗೊಳ್ಳಲಾ? (ಹುಬ್ಬಳ್ಳಿ)

ಉತ್ತರ: ನೀವು ಕಳಿಸಿದ ವಿವರ ನೋಡಿದರೆ ಬೇಡ ಅನ್ನಿಸುತ್ತದೆ. ಇಂಥವನ್ನು ಹೊಸದಾಗಿ ಜೋಡಿಸಿ ಮಾರುವುದು ದೇಶದ ತುಂಬ ನಡೆದಿದೆ. ಲಕ್ಷಣಗಳು ಇವು: ಹೊಸ ಮರದ ಪೆಟ್ಟಿಗೆಗೆ ಗಾಢ ಪಾಲಿಷ್, ನಾಲ್ಕೂ ಮೂಲೆಗೆ ಕೆತ್ತಿದ ಕಂಬ, ತೆಳು ಹಿತ್ತಾಳೆಯ ಹಾರ್ನ್, ಹಾರ್ನ್ ಪೆಟ್ಟಿಗೆಗೆ ಸೇರುವ ಮೊಣಕೈ ಒರಟಾಗಿ ಬಾಗಿರುವುದು, ಮೊಳೆ ಹೊಡೆದು ಕೂರಿಸಿದ ಹೊಸ ಫಲಕ. ಒಳಗಿನ ಮೋಟಾರ್ ಮಾತ್ರ ಯಾವುದೋ ಹಳೇ ಪೋರ್ಟಬಲ್ ಯಂತ್ರದಿಂದ ಕಿತ್ತದ್ದು. ಒಂದು ಒಳ್ಳೇ ಯಂತ್ರವನ್ನು ಕೆಡಿಸಿ ಇನ್ನೊಂದು ಸುಳ್ಳು ಯಂತ್ರ ಮಾಡಿದ ಹಾಗಾಯಿತು.

ಹಾಡು ಕೇಳುವ ಆಸೆ ಇದ್ದರೆ ಸೂಟ್‌ಕೇಸ್ ಥರ ಮುಚ್ಚುವ ಪೋರ್ಟಬಲ್ ಹುಡುಕಿ. ಎಚ್‌ಎಂವಿಯ 102 ಅನ್ನುವ ಮಾದರಿ 1930ರ ದಶಕದಲ್ಲಿ ಬಂದದ್ದು, ನಮ್ಮ ದೇಶದಲ್ಲಿ ಇನ್ನೂ ಸಿಗುತ್ತದೆ, ನೋಡಲು ಆಡಂಬರ ಇಲ್ಲದ ಕಾರಣ ನಕಲಿ ಮಾಡುವವರಿಗೆ ಅದರ ಮೇಲೆ ಆಸೆ ಕಡಿಮೆ. ಕೀ ಕೊಟ್ಟು ಪೂರ್ತಿ ಒಂದು ಬದಿ ಓಡಿಸಿ ನೋಡಿ, ಮಧ್ಯದಲ್ಲಿ ವೇಗ ಕುಗ್ಗಬಾರದು. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು, ಇಲ್ಲದಿದ್ದರೆ ರೆಕಾರ್ಡ್ ಕೊರೆದುಹೋಗುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ರೆಕಾರ್ಡ್‌ಗೆ ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ. ಆಮೇಲೆ ಬಂದ ವಿನೈಲ್ ಎಲ್‌ಪಿಗಳನ್ನು ಇದರ ಮೇಲೆ ಯಾವತ್ತೂ ಹಾಕಬೇಡಿ.

ಪ್ರಶ್ನೆ: ಮಾವನ ಮನೆಯಲ್ಲಿ ಹಳೇ ಬಿದರಿ ಹೂದಾನಿ ಇದೆ. ಬೆಳ್ಳಿ ಎಲ್ಲ ಕಪ್ಪಾಗಿದೆ. ಪಾತ್ರೆ ಪುಡಿ ಹಾಕಿ ತೊಳೆದರೆ ಆಗುತ್ತಾ? (ಕಲಬುರಗಿ)

ಉತ್ತರ: ದಯವಿಟ್ಟು ಬೇಡ! ಪುಡಿಯೂ ಬೇಡ, ಹುಣಸೆಹಣ್ಣೂ ಬೇಡ, ನಿಂಬೆಹಣ್ಣೂ ಬೇಡ. ಬಿದರಿಯ ಮೈ ಸತುವಿನದು, ಜೊತೆಗೆ ಸ್ವಲ್ಪ ತಾಮ್ರ. ಅದರಲ್ಲಿ ಗೀರು ಕೊರೆದು ಬೆಳ್ಳಿಯ ತಂತಿ, ತಗಡು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ, ಕಾದ ವಸ್ತುವಿಗೆ ಸವರುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಇಷ್ಟು ಕಷ್ಟಪಟ್ಟು ತಂದ ಕಪ್ಪನ್ನು ಹುಳಿ ಎರಡು ನಿಮಿಷದಲ್ಲಿ ತಿಂದುಹಾಕುತ್ತದೆ. ಆಮೇಲೆ ಬೂದಿ ಬಣ್ಣದ ಮೈ ಉಳಿಯುತ್ತದೆ, ಮತ್ತೆ ಕಪ್ಪು ಮಾಡಿಸಲು ಬೀದರಿಗೇ ಹೋಗಬೇಕು.

ಮೆತ್ತಗಿನ ಒಣ ಹತ್ತಿ ಬಟ್ಟೆ ತಗೊಂಡು ಬೆಳ್ಳಿ ಇರುವ ಕಡೆ ಮಾತ್ರ, ಗಾಜಿನ ಮೇಲೆ ಒರೆಸುವಷ್ಟು ಹಗುರವಾಗಿ, ಸುಮ್ನೆ ತಾಳ್ಮೆಯಿಂದ ಉಜ್ಜಿ. ಒಂದು ಸಂಜೆ ಬೇಕಾಗುತ್ತದೆ. ಆಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ಮೈಯೆಲ್ಲ ಸವರಿ ಒರೆಸಿಬಿಡಿ, ಕಪ್ಪು ಆಳವಾಗುತ್ತದೆ. ತಂತಿ ಎಲ್ಲಾದರೂ ಎದ್ದಿದ್ದರೆ ನೀವೇ ಅಂಟು ಹಾಕಬೇಡಿ, ಬೀದರ್‌ನ ಕುಶಲಕರ್ಮಿಗಳಿಗೆ ತೋರಿಸಿ.

ಬಿದರಿ ಹೊಸದಾಗಿ ಕೊಳ್ಳುವವರಿಗೆ ಒಂದು ಪರೀಕ್ಷೆ: ಉಗುರಿನಿಂದ ಅಂಚು ಮುಟ್ಟಿ. ಕೂರಿಸಿದ ಬೆಳ್ಳಿಗೆ ತನ್ನದೇ ಅಂಚಿರುತ್ತದೆ, ಬಣ್ಣ ಬಳಿದದ್ದು ಕೆರೆದರೆ ಎದ್ದು ಬರುತ್ತದೆ. ಕೈಯಲ್ಲಿ ಹಿಡಿದಾಗ ತೂಕ ಇರಬೇಕು. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿದೆ, ಆದರೆ ಆ ಹೆಸರಿಟ್ಟು ಏನೇನೋ ಮಾರುವುದು ನಿಂತಿಲ್ಲ.

ಪ್ರಶ್ನೆ: ರವಿವರ್ಮ ಪ್ರೆಸ್‌ನ ಲಕ್ಷ್ಮಿ ಪಟ ಮಾರಾಟಕ್ಕಿದೆ. ಹಳೇ ಪ್ರಿಂಟಾ, ಈಗಿನದಾ ಗೊತ್ತಾಗುತ್ತಾ? (ಮೈಸೂರು)

ಉತ್ತರ: ಗೊತ್ತಾಗುತ್ತದೆ, ಒಂದು ಭೂತಗನ್ನಡಿ ಸಾಕು. ಲಕ್ಷ್ಮಿಯ ಕೆನ್ನೆಯ ಮೇಲೆ ಗಾಜು ಹಿಡಿದು ನೋಡಿ. ಹಳೇ ಕಲ್ಲಚ್ಚಿನ (ಕಲ್ಲಿನ ಮೇಲೆ ಬಿಡಿಸಿ ಅಚ್ಚು ಹಾಕಿದ) ಪಟದಲ್ಲಿ ಬಣ್ಣದ ಚುಕ್ಕಿಗಳು ದೊಡ್ಡದು, ಚಿಕ್ಕದು, ಒತ್ತಾಗಿ, ಬಿಡಿಯಾಗಿ, ಕೈಯಿಂದ ಇಟ್ಟ ಹಾಗೆ ಕಾಣುತ್ತವೆ. ಅವು ಕೈಯಿಂದಲೇ ಇಟ್ಟವು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಈಗಿನ ಆಫ್‌ಸೆಟ್ ಪ್ರಿಂಟ್‌ನಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಅಳತೆ ಹಾಕಿದ ಹಾಗೆ ಸಣ್ಣ ಸಣ್ಣ ವೃತ್ತ ಕಟ್ಟಿಕೊಂಡು ಕೂತಿರುತ್ತವೆ. ಒಮ್ಮೆ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದರೆ ಮತ್ತೆ ಯಾವತ್ತೂ ಗೊಂದಲ ಆಗುವುದಿಲ್ಲ.

ಪ್ರೆಸ್ ಶುರುವಾದದ್ದು 1894ರಲ್ಲಿ ಮುಂಬೈಯಲ್ಲಿ. ಆಮೇಲೆ ಲೋಣಾವಳ ಹತ್ತಿರದ ಮಳವಲಿಗೆ ಹೋಯಿತು. ರವಿವರ್ಮ ಅದನ್ನು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಅವರಿಗೆ ಮಾರಿದ ಮೇಲೂ ಅದೇ ಹೆಸರಲ್ಲಿ ಪಟಗಳು ಅಚ್ಚಾಗುತ್ತಲೇ ಇದ್ದವು. ಹಾಗಾಗಿ ಕೆಳಗೆ ಪ್ರೆಸ್ ಹೆಸರು ಇದ್ದ ಮಾತ್ರಕ್ಕೆ ರವಿವರ್ಮ ಬದುಕಿದ್ದಾಗಿನದು ಅಂತಲ್ಲ. ಇವು ಮನೆಮನೆಗೆ ಹೋಗಲಿ ಅಂತ ಅಚ್ಚು ಹಾಕಿದ ಪಟಗಳು, ಹಾಗಂತ ಕೀಳಲ್ಲ. ಸೀರೆಗೆ ಜರಿ, ಮಣಿ, ಬಟ್ಟೆ ಅಂಟಿಸಿ ಅಲಂಕರಿಸಿದ್ದು ಸಿಕ್ಕರೆ ಬಿಡಬೇಡಿ. ಯಾವ ಹೆಣ್ಣುಮಗಳು ಕೂತು ಅಂಟಿಸಿದಳೋ, ಆ ಕೆಲಸ ಇನ್ನೊಂದು ಪಟದಲ್ಲಿ ಇರುವುದಿಲ್ಲ.

ಮೈಸೂರಲ್ಲೇ ಇದ್ದೀರಿ, ಜಗನ್ಮೋಹನ ಅರಮನೆಯಲ್ಲಿ ರವಿವರ್ಮ ಕೈಯಾರೆ ಬಿಡಿಸಿದ ಚಿತ್ರಗಳಿವೆ. ಅವನ್ನು ನೋಡಿ ಬಂದು ಆಮೇಲೆ ಪಟದ ಅಂಗಡಿಗೆ ಹೋಗಿ. ಕೊಂಡ ಮೇಲೆ ಹಳೇ ಚೌಕಟ್ಟು ಬಿಸಾಡಬೇಡಿ. ಹಿಂದಿನ ರಟ್ಟು ಮಾತ್ರ ಬದಲಿಸಿ, ಬೆಳ್ಳಿಮೀನು ಹುಳ ಇರುವುದು ಅಲ್ಲೇ. ಬಿಸಿಲು ಬೀಳದ, ಗೋಡೆ ತೇವ ಇಲ್ಲದ ಕಡೆ ನೇತುಹಾಕಿ.

ಪ್ರಶ್ನೆ: ಹಳೇ ತಗಡಿನ ಡಬ್ಬಿ, ಬಾಟಲಿ, ಕಪ್-ಸಾಸರ್ ಸೇರಿಸುತ್ತೇನೆ. ಇಸವಿ ಹಾಕಿರುವುದಿಲ್ಲ. ಕಾಲ ಊಹಿಸಲು ದಾರಿ ಇದೆಯಾ? (ತುಮಕೂರು)

ಉತ್ತರ: ಇದು ನನಗೆ ಅತಿ ಇಷ್ಟದ ಕೆಲಸ. ವಿಳಾಸ ಓದಿ. ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ಆದ ಮೇಲಿನದು. "ಬೆಂಗಳೂರು-3" ಅಂತ ಬರೀ ಬಡಾವಣೆ ನಂಬರ್ ಇದ್ದರೆ ಬಹುಶಃ ಅದಕ್ಕಿಂತ ಮುಂಚಿನದು. "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಹಿಂದಿನದಿರಬೇಕು, "ನಯಾಪೈಸೆ" ಅಂತಿದ್ದರೆ 1957ರಿಂದ 1964ರ ಆಸುಪಾಸು. ತೂಕ ಪೌಂಡ್, ಔನ್ಸ್‌ನಲ್ಲಿದೆಯೋ ಗ್ರಾಂನಲ್ಲಿದೆಯೋ ನೋಡಿ. ಹೊರದೇಶದ ಕಪ್, ಸಾಸರ್‌ನ ತಳದಲ್ಲಿ ದೇಶದ ಹೆಸರೇ ಹೇಳುತ್ತದೆ: ಚೆಕೊಸ್ಲೊವಾಕಿಯಾ ಅಂದರೆ 1918ರ ನಂತರ, ವೆಸ್ಟ್ ಜರ್ಮನಿ ಅಂದರೆ 1949ರಿಂದ 1990ರ ಒಳಗೆ, ಆಕ್ಯುಪೈಡ್ ಜಪಾನ್ ಅಂದರೆ ಯುದ್ಧ ಮುಗಿದ 1945ರಿಂದ 1952ರ ಒಳಗೆ. ಅಜ್ಜ ಅಜ್ಜಿಯ ಕಾಲದ ಶೋಕೇಸ್‌ಗಳಲ್ಲಿ ಜಪಾನಿನ ಕಪ್ಪುಗಳು ಕಾಣುತ್ತವೆ, ತಿರುಗಿಸಿ ನೋಡಿ.

ತಗಡಿನ ಡಬ್ಬಿಯ ಮೇಲಿನ ಚಿತ್ರಕ್ಕೆ ನೀರು ತಾಗಿಸಬೇಡಿ. ಒಣ ಬ್ರಷ್ ಸಾಕು.

ಪ್ರಶ್ನೆ: ತೊಟ್ಟಿಮನೆ ಕೆಡವಿದ ಕಡೆಯಿಂದ ತೊಟ್ಟಿಲು, ಬಾಗಿಲು ತರಬೇಕು ಅಂತಿದ್ದೇನೆ. ಹುಳದ ಭಯ. (ಸಾಗರ)

ಉತ್ತರ: ಸಣ್ಣ ತೂತು ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ಹುಳ ಸತ್ತು ಎಷ್ಟೋ ಕಾಲ ಆಗಿರಬಹುದು. ಮರವನ್ನು ಚೆನ್ನಾಗಿ ಒರೆಸಿ, ಕೆಳಗೆ ಕಪ್ಪು ಬಟ್ಟೆ ಹಾಸಿ ಒಂದೆರಡು ವಾರ ಬಿಡಿ. ಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಕುಟ್ಟೆಹುಳ ಒಳಗೆ ಬದುಕಿದೆ, ಔಷಧಿ ಹಾಕಿಸದೆ ಬೇರೆ ಮರದ ಹತ್ತಿರ ಇಡಬೇಡಿ. ಬಣ್ಣ ಬಳಿದ ಬಾಗಿಲು ತರುವ ಮುಂಚೆ ಯಾವುದಾದರೂ ಮೂಲೆಯಲ್ಲಿ ಸ್ವಲ್ಪ ಕೆರೆದು ತೇಗವೋ ಹಲಸೋ ನೋಡಿಕೊಳ್ಳಿ. ಕೆರೆಯುವಾಗ ಮೂಗಿಗೆ ಮಾಸ್ಕ್ ಇರಲಿ, ಹಳೇ ಬಣ್ಣದಲ್ಲಿ ಸೀಸ ಇರುತ್ತದೆ. ಇಡೀ ಮನೆಯನ್ನೇ ಉಳಿಸುವುದು ಹೇಗೆ ಅಂತ ನೋಡಬೇಕಾದರೆ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಒಮ್ಮೆ ಹೋಗಿ. ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳಿವೆ, ಒಳಗಿನ ಸಾಮಾನು ಕೂಡ ಆಯಾ ಮನೆಯಲ್ಲಿ ಹೇಗಿರುತ್ತಿತ್ತೋ ಹಾಗೆ.

ಪ್ರಶ್ನೆ: ನಮ್ಮೂರಲ್ಲಿ ಒಬ್ಬರ ಹತ್ತಿರ ಅಕ್ಕಿ ಎಳೆಯುವ ತಾಮ್ರದ ಚೊಂಬು, ಜೊತೆಗೆ 1818ರ ರಾಮ ಸೀತೆಯ ನಾಣ್ಯ ಇದೆಯಂತೆ. ಪಾಲುದಾರರಾದರೆ ಕೋಟಿ ಬರುತ್ತೆ ಅಂತಿದ್ದಾರೆ. (ಹಾಸನ)

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಇದು ಹಳೇ ಸಾಮಾನಿನ ವ್ಯಾಪಾರವೇ ಅಲ್ಲ, ಪೂರ್ತಿ ಮೋಸ. ಸಿಡಿಲು ಬಡಿದ ತಾಮ್ರ, ಅದರಲ್ಲಿ ಇರಿಡಿಯಂ ಅನ್ನುವ ಅಪರೂಪದ ಲೋಹ ಇದೆ, ನಾಸಾದವರು ಕೊಳ್ಳುತ್ತಾರೆ ಅಂತ ಇಂಥವರು ಹೇಳುವುದೆಲ್ಲ ಕಟ್ಟುಕಥೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಅಕ್ಕಿಗೆ ಕಬ್ಬಿಣದ ಪುಡಿ, ಚೊಂಬಿನಲ್ಲಿ ಅಡಗಿಸಿದ ಅಯಸ್ಕಾಂತ, ಇಷ್ಟೇ ಅದರ ಪವಾಡ. ಆಮೇಲೆ ಪರೀಕ್ಷೆಗೆ ಬರುವ ವಿಜ್ಞಾನಿಯ ಖರ್ಚು, ವಿಶೇಷ ಉಡುಪಿನ ಖರ್ಚು ಅಂತ ನಿಮ್ಮಿಂದ ವಸೂಲಿ ಶುರುವಾಗುತ್ತದೆ.

ನಾಣ್ಯವೂ ಹಾಗೇ. 1818 ಅಂತ ಬರೆದು ರಾಮ, ಸೀತೆ, ಆಂಜನೇಯರ ಚಿತ್ರ ಇರುವ "ಅರ್ಧ ಆಣೆ"ಯನ್ನು ಈಸ್ಟ್ ಇಂಡಿಯಾ ಕಂಪನಿ ಟಂಕಿಸಿಯೇ ಇಲ್ಲ. ಕಂಪನಿಯ 1835ರ ಅರ್ಧ ಆಣೆ ತಾಮ್ರದ ನಾಣ್ಯದ ಮೇಲಿರುವುದು ಕಂಪನಿಯ ಲಾಂಛನ. ನಿಮ್ಮೂರಲ್ಲಿ ಇನ್ನೂ ಯಾರಾದರೂ ದುಡ್ಡು ಹಾಕಲು ಹೊರಟಿದ್ದರೆ ಇವತ್ತೇ ಹೋಗಿ ತಡೆಯಿರಿ, ಪೊಲೀಸರಿಗೂ ತಿಳಿಸಿ. ಇನ್ನು ನಿಜವಾಗಿ ಹೊಲದಲ್ಲೋ ಪಾಯ ತೋಡುವಾಗಲೋ ಹಳೇ ವಸ್ತು ಸಿಕ್ಕರೆ ಅದನ್ನು ಮಾರುವಂತಿಲ್ಲ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಪ್ರಶ್ನೆ: ಅಮೆರಿಕದಲ್ಲಿದ್ದೇವೆ. ಊರಿನ ಮನೆಯಿಂದ ಹಿತ್ತಾಳೆ ದೀಪಗಳು, ಒಂದು ಸಣ್ಣ ಲೋಹದ ಕೃಷ್ಣ, ದಂತದ ಕುಸುರಿ ಇರುವ ಬೀಟೆ ಮರದ ಪೆಟ್ಟಿಗೆ ತರಬೇಕು. ಕಸ್ಟಮ್ಸ್‌ನಲ್ಲಿ ತೊಂದರೆ ಆಗುತ್ತಾ? (ಡಲ್ಲಸ್)

ಉತ್ತರ: ಮೂರಕ್ಕೂ ಮೂರು ಉತ್ತರ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಹೊರದೇಶಕ್ಕೆ ಒಯ್ಯಲು 1972ರ ಪುರಾತನ ವಸ್ತುಗಳ ಕಾಯ್ದೆ ಖಾಸಗಿಯವರಿಗೆ ಬಿಡುವುದಿಲ್ಲ, ನಿಮ್ಮ ಮನೆಯದೇ ಆದರೂ. ದೀಪಗಳು ಅಷ್ಟು ಹಳೇದಲ್ಲ ಅನ್ನುವುದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ "ಇದು ಪುರಾತನ ವಸ್ತುವಲ್ಲ" ಅನ್ನುವ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಬೆಂಗಳೂರಿನಲ್ಲಿ ಅವರ ಕಚೇರಿ ಇದೆ. ನಾಲ್ಕೂ ಕಡೆಯಿಂದ ಫೋಟೋ ತೆಗೆದು, ಅಳತೆ ಬರೆದು, ಟಿಕೆಟ್‌ಗೆ ಸಾಕಷ್ಟು ದಿನ ಮುಂಚೆಯೇ ಹೋಗಿ. ವಿಮಾನ ನಿಲ್ದಾಣದಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಕೃಷ್ಣನ ವಿಗ್ರಹ ನೂರು ವರ್ಷಕ್ಕಿಂತ ಹಳೇದು ಅನ್ನಿಸಿದರೆ ಊರಲ್ಲೇ ಇರಲಿ. ಲೋಹದ ಹಳೇ ಶಿಲ್ಪಗಳನ್ನು ಮನೆಯಲ್ಲಿ ಇಟ್ಟುಕೊಂಡವರು ನೋಂದಣಿಯನ್ನೂ ಮಾಡಿಸಬೇಕು. ಕೊಳ್ಳುವವರಿಗೂ ಈ ಮಾತು ಹೇಳಿಬಿಡುತ್ತೇನೆ: ಹಳೇ ವಿಗ್ರಹವನ್ನು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಅದು ಯಾವುದೋ ದೇವಸ್ಥಾನದಿಂದ ಕದ್ದದ್ದೇ ಇರಬಹುದು. ನೋಡಲಿಕ್ಕೂ ಹೋಗಬೇಡಿ.

ದಂತದ ಪೆಟ್ಟಿಗೆಯನ್ನು ಮುಟ್ಟಲೇಬೇಡಿ. ದಂತದ ವ್ಯಾಪಾರ ದೇಶದೊಳಗೇ ಪೂರ್ತಿ ನಿಷೇಧ, ಹೊರಗೆ ಒಯ್ಯುವ ಮಾತೇ ಇಲ್ಲ. ಮೈಸೂರಿನ ಹಳೇ ಕುಸುರಿ ಕೆಲಸದಲ್ಲಿ ದಂತ ಬಳಸುತ್ತಿದ್ದರು, ಈಗ ಅದರ ಜಾಗಕ್ಕೆ ಬೇರೆ ವಸ್ತುಗಳು ಬಂದಿವೆ. ನಿಮ್ಮ ಪೆಟ್ಟಿಗೆಯದು ದಂತವೋ ಮೂಳೆಯೋ ಅಂತ ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ, ದಂತವೇ ಆದರೆ ಇಟ್ಟುಕೊಳ್ಳಲೂ ಕಾಗದಪತ್ರ ಬೇಕು. ಬೀಟೆ ಮರಕ್ಕೂ ಅಂತರರಾಷ್ಟ್ರೀಯ ನಿರ್ಬಂಧ ಇರುವುದರಿಂದ ದೊಡ್ಡ ಸಾಮಾನಿಗೆ ಬೇರೆ ಅನುಮತಿ ಬೇಕಾಗುತ್ತದೆ.

ಪ್ರಮಾಣಪತ್ರ ಸಿಕ್ಕಿದ ದೀಪಗಳನ್ನು ಬಿಚ್ಚಿ, ತಿರುಪಿನ ಭಾಗಗಳಿಗೆ ಬಟ್ಟೆ ಸುತ್ತಿ, ಭಾರದ ತಳಗಳನ್ನು ಎರಡು ಪೆಟ್ಟಿಗೆಗೆ ಹಂಚಿ ಇಡಿ. ಪ್ರಮಾಣಪತ್ರದ ಮೂಲಪ್ರತಿ ಕೈಚೀಲದಲ್ಲಿರಲಿ.